ಪಿಯುಸಿ ಆದ ಮೇಲೆ ಬೈಬಲ್ ಓದು: ಮೊದಲು ಸಭೆ, ಆಮೇಲೆ ಕಾಲೇಜು, ಗ್ರೀಕ್ ಮಾತ್ರ ಇವತ್ತಿನಿಂದಲೇ

ಪ್ರಶ್ನೆ: ನಾನು ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನವನು. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಕಲಾ ವಿಭಾಗ ಮುಗಿಸಿದ್ದೇನೆ. ಬೈಬಲನ್ನು ಅದರ ಮೂಲ ಭಾಷೆಗಳಾದ ಗ್ರೀಕ್, ಇಬ್ರಿಯದಲ್ಲೇ (ಹೀಬ್ರೂ) ಓದಬೇಕು, ಮುಂದೆ ಸಭಾ ಸೇವೆಗೆ, ಅಂದರೆ ಚರ್ಚಿನ ಸೇವೆಗೆ, ಬರಬೇಕು ಎಂದು ಆಸೆ. ಬಿ.ಟಿಎಚ್. (ಬ್ಯಾಚುಲರ್ ಆಫ್ ಥಿಯಾಲಜಿ) ಸೇರಲೋ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಸೇರಲೋ? ಈ ಪದವಿಗಳಿಗೆ ಮಾನ್ಯತೆ ಇದೆಯೇ? ಇಂಗ್ಲಿಷೇ ಅಷ್ಟಕ್ಕಷ್ಟೆ ಇರುವಾಗ ಗ್ರೀಕ್ ತಲೆಗೆ ಹತ್ತುತ್ತದೆಯೇ? ತಂಗಿಯೂ ಇದನ್ನೇ ಓದುತ್ತೇನೆ ಅನ್ನುತ್ತಾಳೆ, ಹೆಣ್ಣುಮಕ್ಕಳಿಗೆ ಅವಕಾಶ ಇದೆಯೇ?

ಉತ್ತರ: ಬಿ.ಟಿಎಚ್. ಇಲ್ಲವೇ ಬಿ.ಡಿ. ಅನ್ನುವುದು ಎರಡನೇ ಪ್ರಶ್ನೆ. ಮೊದಲನೆಯದನ್ನು ನೀವು ಕೇಳಿಲ್ಲ: ಓದು ಮುಗಿಸಿ ಬಂದಾಗ ನಿಮಗೆ ದೀಕ್ಷೆ ಕೊಟ್ಟು ಸಭಾಪಾಲಕ (ಪಾಸ್ಟರ್) ಎಂದು ನೇಮಿಸುವವರು ಯಾರು? ಕಾಲೇಜು ಕೊಡುವುದು ಪದವಿ. ಸಭಾಪಾಲಕನನ್ನಾಗಿ ಮಾಡುವುದು ಸಭೆ. ಪಿಯುಸಿ ಮುಗಿದ ಹುರುಪಿನಲ್ಲಿ ಯಾವುದೋ ಬೈಬಲ್ ಕಾಲೇಜಿಗೆ ಸೇರಿ, ಮೂರೋ ನಾಲ್ಕೋ ವರ್ಷ ಓದಿ, ಪ್ರಮಾಣಪತ್ರ ಹಿಡಿದು ಊರಿಗೆ ಬಂದಾಗ ‘ನಿಮ್ಮನ್ನು ನಾವು ಕಳಿಸಿರಲಿಲ್ಲವಲ್ಲ’ ಎಂಬ ಮಾತು ಕೇಳಬೇಕಾಗಿ ಬರುವುದು ನಮ್ಮ ಕಡೆ ಅಪರೂಪವೇನಲ್ಲ.

ಆದ್ದರಿಂದ ಮೊದಲು ನಿಮ್ಮ ಅಯ್ಯನವರ (ಸಭಾಪಾಲಕರ) ಹತ್ತಿರ ಕೂತು ಮಾತಾಡಿ. ನೀವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಾದರೆ ಪಾಸ್ಟರೇಟ್ ಕಮಿಟಿಯ, ಅಂದರೆ ಸ್ಥಳೀಯ ಸಭೆಯ ಆಡಳಿತ ಸಮಿತಿಯ, ಶಿಫಾರಸು ಬೇಕು, ಅದರ ಮೇಲೆ ಡಯಾಸಿಸ್ಸಿನ (ಬಿಷಪರ ಆಡಳಿತ ಪ್ರಾಂತ್ಯ) ಸಂದರ್ಶನ. ಅಲ್ಲಿ ಆಯ್ಕೆಯಾದವರನ್ನು ಡಯಾಸಿಸ್ಸೇ ದೇವಶಾಸ್ತ್ರ ಕಾಲೇಜಿಗೆ ಕಳಿಸುತ್ತದೆ. ಓದು ಮುಗಿದ ಮೇಲೂ ಸ್ವಲ್ಪ ಕಾಲ ಪರೀಕ್ಷಾರ್ಥ ಸೇವೆ, ನಂತರ ಡೀಕನ್ (ದೀಕ್ಷೆಯ ಮೊದಲ ಹಂತ), ಆಮೇಲೆ ಪ್ರೆಸ್ಬಿಟರ್ (ಪೂರ್ಣ ಸಭಾಪಾಲಕ). ರಾಯಚೂರು ಭಾಗದಲ್ಲಿ ಮೆಥಡಿಸ್ಟ್ ಸಭೆಗಳು ಹಳೆಯವು. ಅಲ್ಲಿ ದಾರಿ ಶುರುವಾಗುವುದು ಲೋಕಲ್ ಪ್ರೀಚರ್ ಪರವಾನಗಿಯಿಂದ, ಮುಂದಿನದು ಕಾನ್ಫರೆನ್ಸಿನ (ಆ ಸಭೆಗಳ ಪ್ರಾದೇಶಿಕ ಆಡಳಿತ ಮಂಡಳಿ) ಕೈಯಲ್ಲಿ. ಕಥೋಲಿಕರಾದರೆ ಕಾಲೇಜು ಹುಡುಕುವ ಕೆಲಸವೇ ನಿಮ್ಮದಲ್ಲ. ಬಳ್ಳಾರಿ ಧರ್ಮಪ್ರಾಂತ್ಯವೋ ಸನ್ಯಾಸಿಗಳ ಒಂದು ಧಾರ್ಮಿಕ ಸಭೆಯೋ ನಿಮ್ಮನ್ನು ಅಭ್ಯರ್ಥಿಯಾಗಿ ತೆಗೆದುಕೊಂಡು ಸೆಮಿನರಿಗೆ ಕಳಿಸಬೇಕು; ಕಥೋಲಿಕ ಸಭೆಯ ನಿಯಮದಂತೆ ಕನಿಷ್ಠ ಎರಡು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೇವಶಾಸ್ತ್ರ. ಸ್ವತಂತ್ರ ಸಭೆ, ಪೆಂಟೆಕೋಸ್ತ್ ಸಭೆಗಳಲ್ಲಿ ಹಿರಿಯ ಪಾಸ್ಟರ್ ಅಥವಾ ಹಿರಿಯರ ಮಂಡಳಿ ಹೇಳಿದ್ದೇ ನಿಯಮ, ಆದ್ದರಿಂದ ಅದನ್ನು ಕಾಗದದ ಮೇಲೆ ಪಡೆಯುವುದು ಜಾಣತನ.

ಇದೆಲ್ಲ ಬರೀ ಸಭಾ ರಾಜಕೀಯ ಅಂದುಕೊಳ್ಳಬೇಡಿ, ಕಾನೂನಿನ ಮಾತೂ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಮದುವೆ ನಡೆಸುವ ಅಧಿಕಾರ ಪದವಿಯಿಂದ ಬರುವುದಿಲ್ಲ. ಬಿಷಪರಿಂದ ದೀಕ್ಷೆ ಪಡೆದಿರಬೇಕು, ಇಲ್ಲವೇ ಆ ಕಾಯ್ದೆಯಡಿ ಸರ್ಕಾರದ ಪರವಾನಗಿ ಇರಬೇಕು. ಅಧಿಕಾರವಿಲ್ಲದೆ ಮದುವೆ ಮಾಡಿಸುವುದು ಶಿಕ್ಷಾರ್ಹ ಅಪರಾಧ. ಚೆನ್ನಾಗಿ ಪ್ರಸಂಗ (ಧರ್ಮೋಪದೇಶ) ಮಾಡುವ, ಪದವಿಯೂ ಇರುವ ಯುವಕನಿಗೆ ಊರವರು ‘ನೀವೇ ಒಂದು ಮದುವೆ ಮಾಡಿಸಿಬಿಡಿ’ ಅಂದಾಗ ಈ ಮಾತು ನೆನಪಿರಲಿ.

ಈಗ ಪದವಿಗೆ ಬರೋಣ. ಹಳೆಯ ಮುಖ್ಯವಾಹಿನಿ ಸಭೆಗಳು ನೋಡುವುದು ಪಶ್ಚಿಮ ಬಂಗಾಳದ ಸೆರಾಂಪುರ ಸೆನೆಟ್ಟು, ಅಂದರೆ ದೇವಶಾಸ್ತ್ರದ ಪದವಿ ಕೊಡುವ ಮಂಡಳಿ, ನೀಡುವ ಬಿ.ಡಿ. ಪದವಿಯನ್ನು. ಸೆರಾಂಪುರ ಕಾಲೇಜು ಶುರುವಾದದ್ದು 1818ರಲ್ಲಿ. ಪದವಿ ಕೊಡುವ ಅಧಿಕಾರ 1827ರಲ್ಲಿ ಡೆನ್ಮಾರ್ಕಿನ ರಾಜನ ಸನ್ನದಿನಿಂದ ಬಂತು. 1918ರ ಬಂಗಾಳದ ಕಾಯ್ದೆ ಅದಕ್ಕೆ ಸೆನೆಟ್ಟಿನ ರೂಪ ಕೊಟ್ಟಿತು. ಈ ಸೆನೆಟ್ಟಿಗೆ ಸೇರಿದ ಕಾಲೇಜುಗಳಲ್ಲಿ ನಮ್ಮ ರಾಜ್ಯದೊಳಗಿನ ಎರಡು ಹಳೆಯವು: ಮಂಗಳೂರು ಬಲ್ಮಠದಲ್ಲಿ 1965ರಲ್ಲಿ ಶುರುವಾದ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಬೆಂಗಳೂರಿನಲ್ಲಿ 1910ರಿಂದಿರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜು. ಬಿ.ಡಿ. ಪಿಯುಸಿ ಆದವರಿಗೆ ಐದು ವರ್ಷ, ಪದವೀಧರರಿಗೆ ನಾಲ್ಕು ವರ್ಷ. ಇನ್ನೊಂದು ದಾರಿ ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ ಮಾನ್ಯತೆ ಇರುವ ಕಾಲೇಜುಗಳ ಬಿ.ಟಿಎಚ್., ಸಾಮಾನ್ಯವಾಗಿ ಮೂರು ವರ್ಷ. ಸ್ವತಂತ್ರ ಸಭೆಗಳಿಗೆ ಅದು ಸಾಕು, ಮುಂದೆ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಮಾಡಲೂ ದಾರಿಯಿದೆ. ಆದರೆ ನಿಮ್ಮ ಸಭೆ ಸಿ.ಎಸ್.ಐ. ಆಗಿದ್ದು ನೀವು ಅದನ್ನು ಓದಿ ಬಂದರೆ, ಮತ್ತೆ ಬಿ.ಡಿ. ಮಾಡಿ ಬನ್ನಿ ಅನ್ನುವ ಸಂಭವ ಹೆಚ್ಚು.

ಮಾನ್ಯತೆ ಅಂದಾಗ ಎರಡು ಬೇರೆ ಸಂಗತಿಗಳು ಕಲಸಿಹೋಗುತ್ತವೆ. ಸಭೆಗಳು, ಬೇರೆ ದೇವಶಾಸ್ತ್ರ ಕಾಲೇಜುಗಳು ಒಪ್ಪುವ ಮಾನ್ಯತೆ ಒಂದು. ಸರ್ಕಾರಿ ನೌಕರಿಗೆ, ಬಿ.ಇಡಿ.ಗೆ, ವಿಶ್ವವಿದ್ಯಾಲಯದ ಎಂ.ಎ.ಗೆ ‘ಪದವಿ’ ಎಂದು ನಡೆಯುವ ಮಾನ್ಯತೆ ಇನ್ನೊಂದು. ಮೊದಲನೆಯದು ಇದ್ದಲ್ಲಿ ಎರಡನೆಯದೂ ಇದೆ ಎಂದು ನಂಬಿ ಕೂರಬೇಡಿ. ನೀವು ಮುಂದೆ ಸೇರಬಯಸುವ ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ತರಿಸಿಕೊಳ್ಳಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯನ್ನು ನೀವೇ ತೆಗೆದು ನೋಡಿ. ಕಾಲೇಜಿನ ಕಚೇರಿಯಲ್ಲಿ ಬಾಯಿಮಾತಿಗೆ ‘ಎಲ್ಲಾ ಕಡೆ ನಡೀತದೆ’ ಅನ್ನುವುದಕ್ಕೆ ಬೆಲೆಯಿಲ್ಲ.

ಈ ಕಾರಣಕ್ಕೇ ನಿಮ್ಮಂಥವರಿಗೆ ನಾವು ಹೇಳುವುದು: ಮನೆಯ ಪರಿಸ್ಥಿತಿ ತಡೆಯುವುದಾದರೆ ಮೊದಲು ಬಿ.ಎ. ಮುಗಿಸಿ, ಆಮೇಲೆ ನಾಲ್ಕು ವರ್ಷದ ಬಿ.ಡಿ.ಗೆ ಹೋಗಿ. ಒಟ್ಟು ಕಾಲ ಹೆಚ್ಚಾಗುತ್ತದೆ, ನಿಜ. ಆದರೆ ಸಭಾ ಸೇವೆಯಲ್ಲಿ ಸಂಬಳ ತೆಳುವು. ಸೇವೆ ಕೈಗೂಡದೆ ಹೋದರೂ ಬಿ.ಎ. ನಿಮ್ಮದಾಗಿಯೇ ಉಳಿಯುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿಯಲ್ಲಿ ಪದವಿ ಕೇಳುವ ಸರ್ಕಾರಿ ಹುದ್ದೆ ಹಿಡಿಯಲೂ ಅಂಥ ಪದವಿಯೇ ಬೇಕು. ಬಿ.ಎ.ಯಲ್ಲಿ ಇತಿಹಾಸ, ಐಚ್ಛಿಕ ಕನ್ನಡ ತೆಗೆದುಕೊಂಡರೆ ಬೈಬಲ್ ಓದಿಗೆ ಎರಡೂ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಐಚ್ಛಿಕ ಕನ್ನಡ ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಮನೆ ಬಿಟ್ಟು ಹೋಗಲಾಗದವರಿಗೆ ಸೆರಾಂಪುರ ಸೆನೆಟ್ಟಿನದೇ ಅಂಚೆ ಮಾರ್ಗದ ಬಿ.ಸಿ.ಎಸ್. (ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಇದೆ. ಸಭೆಯ ಹಿರಿಯರಿಗೆ, ಸಂಡೇ ಸ್ಕೂಲ್ ಶಿಕ್ಷಕರಿಗೆ ಅದು ಹೇಳಿ ಮಾಡಿಸಿದಂತಿದೆ. ದೀಕ್ಷೆಗೆ ಅದೊಂದೇ ಸಾಲುವುದು ಕಷ್ಟ.

ಸೇರುವ ಮುನ್ನ ಕಾಲೇಜಿಗೆ ಕೇಳಬೇಕಾದ್ದು: ಗ್ರೀಕ್ ಎಷ್ಟು ಸೆಮಿಸ್ಟರ್, ಇಬ್ರಿಯ ಎಷ್ಟು ಸೆಮಿಸ್ಟರ್, ಅವು ಕಡ್ಡಾಯವೋ ಐಚ್ಛಿಕವೋ, ಪಾಠ ಮಾಡುವವರು ಆ ವಿಷಯದಲ್ಲೇ ಎಂ.ಟಿಎಚ್. (ದೇವಶಾಸ್ತ್ರದ ಸ್ನಾತಕೋತ್ತರ ಪದವಿ) ಆದವರೋ. ‘ಮೂಲ ಭಾಷೆ ಕಲಿಸುತ್ತೇವೆ’ ಅನ್ನುವ ಕೆಲವು ಕಡೆ ಅದು ಅಕ್ಷರಮಾಲೆ ಮತ್ತು ನಲವತ್ತು ಪದಗಳಿಗೆ ಮುಗಿಯುತ್ತದೆ. ಮುಂದೆ ಹೊಸ ಒಡಂಬಡಿಕೆಯಲ್ಲಿ ಎಂ.ಟಿಎಚ್. ಮಾಡಬೇಕಾದರೆ ಗ್ರೀಕ್, ಹಳೆ ಒಡಂಬಡಿಕೆಗೆ ಇಬ್ರಿಯ ಇರಲೇಬೇಕು. ಪದವಿಯಲ್ಲಿ ತಪ್ಪಿಸಿಕೊಂಡವರಿಗೆ ಆ ಬಾಗಿಲು ಅಲ್ಲೇ ಮುಚ್ಚುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಯ ಮೂಲಪ್ರತಿ ಕೊಟ್ಟರೆ ರಸೀದಿ ಪಡೆಯಿರಿ. ಆರು ತಿಂಗಳಲ್ಲಿ ಬಿ.ಟಿಎಚ್., ಕಾಣಿಕೆಗೆ ಡಾಕ್ಟರೇಟ್ ಎಂದು ವಾಟ್ಸಾಪಿನಲ್ಲಿ ಬರುವುದನ್ನು ಅಳಿಸಿಹಾಕಿ.

ಇನ್ನು ಗ್ರೀಕ್ ತಲೆಗೆ ಹತ್ತುತ್ತದೆಯೇ ಅನ್ನುವುದು. ಹತ್ತುತ್ತದೆ, ಅದೂ ಇಂಗ್ಲಿಷ್ ಮಾಧ್ಯಮದವರಿಗಿಂತ ಬೇಗ, ಕನ್ನಡ ವ್ಯಾಕರಣ ನಿಮಗೆ ಬಾಯಿಗೆ ಬರುವುದಾದರೆ. ಇಂಗ್ಲಿಷಿನಲ್ಲಿ ನಾಮಪದಕ್ಕೆ ವಿಭಕ್ತಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗ್ರೀಕಿನಲ್ಲಿ ಸಂಬೋಧನೆ ಬಿಟ್ಟು ನಾಲ್ಕು ವಿಭಕ್ತಿ. ನಮ್ಮ ಪ್ರಥಮಾ ಮತ್ತು ದ್ವಿತೀಯಾ ಅಲ್ಲಿಯೂ ಹಾಗೇ ಇವೆ. ಜೆನಿಟಿವ್ ಅನ್ನುವುದು ಷಷ್ಠಿಯ ಜೊತೆಗೆ ಪಂಚಮಿಯ ಕೆಲಸವನ್ನೂ ಮಾಡುತ್ತದೆ. ಡೇಟಿವ್ ಒಂದೇ ತೃತೀಯಾ, ಚತುರ್ಥೀ, ಸಪ್ತಮಿ ಮೂರನ್ನೂ ಹೊರುತ್ತದೆ. ಆದ್ದರಿಂದ ಡೇಟಿವ್ ಕಂಡಾಗಲೆಲ್ಲ ‘-ಇಂದ, -ಗೆ, -ಅಲ್ಲಿ’ ಮೂರನ್ನೂ ಹಚ್ಚಿ ನೋಡಿ, ಯಾವುದು ಕೂರುತ್ತದೋ ಅದು ಅರ್ಥ.

ಅಕ್ಷರ 24. ಎಪ್ಸಿಲಾನ್ ಮತ್ತು ಏಟಾ ನಮ್ಮ ಎ ಮತ್ತು ಏ. ಒಮಿಕ್ರಾನ್ ಮತ್ತು ಓಮೆಗಾ ನಮ್ಮ ಒ ಮತ್ತು ಓ. ಇಂಗ್ಲಿಷ್ ಲಿಪಿಯಲ್ಲಿ ಇವನ್ನು ತೋರಿಸಲು ತಲೆಯ ಮೇಲೆ ಗೆರೆ ಎಳೆಯಬೇಕು, ಕನ್ನಡದಲ್ಲಿ ಬೇಕಿಲ್ಲ. ಉಚ್ಚಾರ ಬರೆದುಕೊಳ್ಳುವುದಾದರೆ ಕನ್ನಡದಲ್ಲೇ ಬರೆದುಕೊಳ್ಳಿ, ಆದರೆ ಎರಡು ವಾರ ಮಾತ್ರ. ಮೂರನೇ ವಾರವೂ ಕನ್ನಡ ಲಿಪಿ ಹಿಡಿದು ಕೂತವರು ವರ್ಷದ ಕೊನೆಗೂ ಪುಟವನ್ನು ನೇರವಾಗಿ ಓದುವುದಿಲ್ಲ.

ಕರ್ತರಿ, ಕರ್ಮಣಿ ಅಲ್ಲದೆ ಗ್ರೀಕ್ ಕ್ರಿಯಾಪದಕ್ಕೆ ಮೂರನೆಯದೊಂದು ರೂಪ ಇದೆ, ಮಿಡ್ಲ್ ವಾಯ್ಸ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಪುಟಗಟ್ಟಲೆ ಬೇಕು. ನಮ್ಮ ‘ಕೊಳ್ಳು’ ಇದರ ಬಹುಪಾಲು ಕೆಲಸವನ್ನು ಮಾಡುತ್ತದೆ. ಸಂಸ್ಕೃತ ಓದಿದವರಿಗೆ ಆತ್ಮನೇಪದ ಅಂದರೆ ಸಾಕು. ಯೋಹಾನನ ಸುವಾರ್ತೆಯಲ್ಲೇ ನೋಡಿ. 13ನೇ ಅಧ್ಯಾಯದ 5ನೇ ವಚನದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುವಾಗ ಬರುವುದು ‘ನಿಪ್ತೇನ್’, ಕರ್ತರಿ ರೂಪ: ಬೇರೆಯವರದನ್ನು ತೊಳೆಯುವುದು. 9ನೇ ಅಧ್ಯಾಯದ 7ನೇ ವಚನದಲ್ಲಿ ಕುರುಡನಿಗೆ ಸಿಲೋವ ಕೊಳಕ್ಕೆ ಹೋಗು ಎಂದು ಹೇಳುವಾಗ ಅದೇ ಧಾತು ‘ನಿಪ್ಸೈ’ ಆಗಿದೆ: ತೊಳೆದುಕೋ. ಎರಡನ್ನೂ ಪಕ್ಕಪಕ್ಕ ಬರೆದಿಟ್ಟುಕೊಂಡರೆ ಈ ಪಾಠ ಮತ್ತೆ ಮರೆಯುವುದಿಲ್ಲ. ಎಲ್ಲ ಕ್ರಿಯಾಪದಕ್ಕೂ ಇದು ಅಷ್ಟು ನೀಟಾಗಿ ಹೊಂದುವುದಿಲ್ಲ. ‘ಬರು’, ‘ಆಗು’ ಎಂಬ ಅರ್ಥದ ಕೆಲವು ಧಾತುಗಳು ರೂಪದಲ್ಲಿ ಮಿಡ್ಲ್, ಅರ್ಥದಲ್ಲಿ ಸಾದಾ ಕರ್ತರಿ. ಅವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವುದೇ ಸರಿ.

ಕನ್ನಡದವರು ಎಡವುವುದು ಬೇರೆ ಎರಡು ಕಡೆ. ಒಂದು ಲಿಂಗ. ನಮಗೆ ಲಿಂಗ ಅರ್ಥದಿಂದ ಗೊತ್ತಾಗುತ್ತದೆ. ಮನುಷ್ಯ, ದೇವರು ಬಿಟ್ಟರೆ ಉಳಿದದ್ದೆಲ್ಲ ‘ಅದು’. ಗ್ರೀಕಿನಲ್ಲಿ ವಾಕ್ಯ ಪುಲ್ಲಿಂಗ, ಪಾಪ ಸ್ತ್ರೀಲಿಂಗ, ಆತ್ಮ ನಪುಂಸಕ, ಚಿಕ್ಕ ಮಗು ಕೂಡ ನಪುಂಸಕ. ಊಹೆ ನಡೆಯುವುದಿಲ್ಲ. ಎರಡನೆಯದು ಆರ್ಟಿಕಲ್, ಇಂಗ್ಲಿಷಿನ ‘ದಿ’ ಇದ್ದ ಹಾಗೆ. ಕನ್ನಡದಲ್ಲಿ ಅದು ಇಲ್ಲದ್ದರಿಂದ ಕಣ್ಣು ಅದನ್ನು ಹಾರಿಸಿಕೊಂಡು ಹೋಗುತ್ತದೆ, ಆದರೆ ವಾಕ್ಯದ ಕರ್ತೃ ಯಾವುದು ಅನ್ನುವುದು ಎಷ್ಟೋ ಸಲ ಅದರಿಂದಲೇ ತೀರ್ಮಾನವಾಗುತ್ತದೆ. ಎರಡಕ್ಕೂ ಮದ್ದು ಒಂದೇ: ಯಾವ ನಾಮಪದವನ್ನೂ ಒಂಟಿಯಾಗಿ ಕಲಿಯಬೇಡಿ. ‘ಹೊ ಲೊಗೊಸ್’, ‘ಹೇ ಹಮರ್ತಿಯಾ’, ‘ತೊ ಪ್ನ್ಯೂಮ’ ಎಂದೇ ಕಲಿಯಿರಿ. ಮೂರು ಲಿಂಗ, ಎರಡು ವಚನ, ನಾಲ್ಕು ವಿಭಕ್ತಿ ಸೇರಿ ಆರ್ಟಿಕಲ್‌ಗೆ 24 ಸ್ಥಾನ. ಅದನ್ನು ಮಗ್ಗಿಯ ಹಾಗೆ ಒಪ್ಪಿಸುವಂತಾದರೆ ನಾಮಪದಗಳ ಅರ್ಧ ಕೆಲಸ ಮುಗಿಯಿತು.

ಪೂರ್ವಸರ್ಗಗಳನ್ನೂ (ಪ್ರಿಪೊಸಿಷನ್) ವಿಭಕ್ತಿ ಜೊತೆಗೇ ಕಲಿಯಬೇಕು. ‘ದಿಯಾ’ ಜೆನಿಟಿವ್ ಜೊತೆ ಬಂದರೆ ‘ಮೂಲಕ’, ದ್ವಿತೀಯೆಯ ಜೊತೆ ಬಂದರೆ ‘ಕಾರಣದಿಂದ’. ಬರೀ ‘ದಿಯಾ ಅಂದರೆ ಮೂಲಕ’ ಎಂದು ಉರುಹೊಡೆದವರ ಪ್ರಬಂಧದಲ್ಲಿ ಈ ತಪ್ಪು ಖಾಯಂ.

ಪದಸಂಪತ್ತಿನ ಲೆಕ್ಕಕ್ಕೆ ಹೆದರಬೇಕಿಲ್ಲ. ಹೊಸ ಒಡಂಬಡಿಕೆಯಲ್ಲಿ ಬೇರೆ ಬೇರೆ ಪದಗಳು ಸುಮಾರು 5,400. ಆದರೆ 50 ಸಲಕ್ಕಿಂತ ಹೆಚ್ಚು ಬರುವವು 310ರ ಆಸುಪಾಸು, ಪುಟದ ಮೇಲಿನ ಪದಗಳಲ್ಲಿ ಹತ್ತಿರ ಹತ್ತಿರ ಶೇ 80 ಅವೇ. ದಿನಕ್ಕೆ ಐದರಂತೆ ಎರಡು ತಿಂಗಳ ಕೆಲಸ. ಹಳೆಯದನ್ನು ತಿರುವಿಹಾಕುವುದೂ ಸೇರಿ ನಾಲ್ಕು ತಿಂಗಳು ಇಟ್ಟುಕೊಳ್ಳಿ. ದಿನಕ್ಕೆ ಮೂವತ್ತು ಪದ ಕಲಿತು ಭಾನುವಾರಕ್ಕೆ ಎಲ್ಲ ಮರೆಯುವುದಕ್ಕಿಂತ ಇದು ಮೇಲು. ಮೊದಲ ಓದಿಗೆ ಯೋಹಾನನ ಮೊದಲ ಪತ್ರಿಕೆ: ಐದೇ ಅಧ್ಯಾಯ, ಚಿಕ್ಕ ವಾಕ್ಯ, ಅದೇ ಪದಗಳು ಮತ್ತೆ ಮತ್ತೆ. ಪೌಲನ ಪತ್ರಿಕೆಗಳಿಂದ ಶುರುಮಾಡಬೇಡಿ, ಒಂದೊಂದು ವಾಕ್ಯ ಅರ್ಧ ಪುಟ ಹೋಗುತ್ತದೆ. ಪಠ್ಯಕ್ಕೆ ದುಡ್ಡು ಸುರಿಯುವುದೂ ಬೇಡ. ಸ್ಟೆಪ್ ಬೈಬಲ್ ಮೊಬೈಲಿನಲ್ಲಿ ಉಚಿತ, ಪ್ರತಿ ಪದ ಮುಟ್ಟಿದರೆ ರೂಪವಿವರ ಬರುತ್ತದೆ. ಆದರೆ ಮೊದಲು ಕಾಗದದ ಮೇಲೆ ನೀವು ಬಿಡಿಸಿ, ಆಮೇಲೆ ಮುಟ್ಟಿ ನೋಡಿ. ಬೈಬಲಿನ ಪ್ರತಿ ಮೂಲ ಪದಕ್ಕೂ ಕೊಟ್ಟಿರುವ ಸ್ಟ್ರಾಂಗ್ ಸಂಖ್ಯೆಗಳನ್ನು ಮಾತ್ರ ನಂಬಿ ಕೂರಬಾರದು. ಅವು ಪದದ ಮೂಲರೂಪ, ಅರ್ಥಗಳ ಪಟ್ಟಿ ತೋರಿಸುತ್ತವೆ. ಆ ವಾಕ್ಯದಲ್ಲಿ ಆ ಪದ ಯಾವ ವಿಭಕ್ತಿ, ಯಾವ ಕಾಲ ಅನ್ನುವುದು ಅವುಗಳ ಕೆಲಸವಲ್ಲ.

ಇಬ್ರಿಯವನ್ನು ಗ್ರೀಕಿನ ಜೊತೆಗೇ ಶುರುಮಾಡಬೇಡಿ, ಒಂದು ವರ್ಷ ಬಿಡಿ. ಬಲದಿಂದ ಎಡಕ್ಕೆ ಬರೆಯುವ 22 ವ್ಯಂಜನ, ಐದಕ್ಕೆ ಪದದ ಕೊನೆಯಲ್ಲಿ ಬೇರೆ ಆಕಾರ. ಸ್ವರಗಳು ಚುಕ್ಕಿ, ಗೆರೆಗಳಾಗಿ ವ್ಯಂಜನದ ಕೆಳಗೆ ಮೇಲೆ ಕೂರುತ್ತವೆ. ಕಾಗುಣಿತ ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಅಕ್ಷರದ ಒಳಗಿನ ಚುಕ್ಕಿ ಎಷ್ಟೋ ಕಡೆ ನಮ್ಮ ಸಜಾತಿ ಒತ್ತಕ್ಷರವೇ. ಮೋಸ ಮಾಡುವುದು ಆಕಾರಗಳು: ದಾಲೆತ್ ಮತ್ತು ರೇಶ್, ಬೇತ್ ಮತ್ತು ಕಾಫ್, ಹೇ ಮತ್ತು ಹೇತ್. ಮೊದಲ ತಿಂಗಳು ದೊಡ್ಡ ಅಕ್ಷರದಲ್ಲಿ ಕೈಯಿಂದ ಬರೆಯಿರಿ.

ನಿಜವಾದ ತೊಡಕು ಧಾತುವಿನದು. ಪದಗಳ ಬೆನ್ನೆಲುಬು ಮೂರಕ್ಷರದ ಧಾತು, ಹಳೆಯ ನಿಘಂಟುಗಳು ಜೋಡಿಸಿರುವುದೂ ಧಾತುವಿನ ಮೇಲೆಯೇ. ಆದರೆ ಧಾತುವಿನ ಒಂದಕ್ಷರ ಆಗಾಗ ಉದುರಿಹೋಗುತ್ತದೆ. ಆದಿಕಾಂಡ 1:4ರಲ್ಲಿ ದೇವರು ಬೆಳಕನ್ನು ನೋಡಿದನು ಅನ್ನುವಲ್ಲಿ ಇರುವುದು ‘ವಯ್ಯರ್’. ಮೊದಲ ‘ವ’ ಕಥನದ ಸೇರ್ಪಡೆ, ‘ಯ’ ಪ್ರಥಮ ಪುರುಷದ ಗುರುತು, ಉಳಿಯುವುದು ರೇಶ್ ಮತ್ತು ಆಲೆಫ್ ಎರಡೇ. ಮೂರನೆಯದಾದ ಹೇ ಉದುರಿದೆ, ಧಾತು ರೇಶ್-ಆಲೆಫ್-ಹೇ. ಇದು ಗೊತ್ತಿಲ್ಲದವರು ನಿಘಂಟಿನಲ್ಲಿ ಯೋದ್ ಅಕ್ಷರದ ಕೆಳಗೆ ಅರ್ಧ ಗಂಟೆ ಹುಡುಕುತ್ತಾರೆ. ಹಾಗೆಯೇ ‘ಕೊಡು’ ಎಂಬ ‘ನಾತನ್’ ಧಾತು ‘ಯಿತ್ತೇನ್’ ಆಗುವಾಗ ಮೊದಲ ನೂನ್ ಮುಂದಿನ ಅಕ್ಷರದಲ್ಲಿ ಕರಗಿ ಅದನ್ನು ಒತ್ತಾಗಿಸುತ್ತದೆ. ಲೋಪ, ಆದೇಶ ಸಂಧಿ ಬಲ್ಲವರಿಗೆ ಇಂಥದ್ದು ಹೊಸದಲ್ಲ, ಐಚ್ಛಿಕ ಕನ್ನಡ ತೆಗೆದುಕೊಳ್ಳಿ ಅಂದದ್ದು ಇದಕ್ಕೇ. ಇನ್ನೊಂದು ಉಲ್ಟಾ ಸಂಗತಿ: ನಾವು ‘ದೇವರ ಮನೆ’ ಅನ್ನುವಾಗ ‘ದೇವರು’ ರೂಪ ಬದಲಿಸುತ್ತದೆ, ಮೊದಲೂ ಬರುತ್ತದೆ. ಇಬ್ರಿಯದಲ್ಲಿ ‘ಮನೆ’ ಮೊದಲು ಬರುತ್ತದೆ, ರೂಪ ಬದಲಿಸುವುದೂ ಅದೇ. ಮೊದಲ ಓದಿಗೆ ಯೋನ ಅಥವಾ ರೂತಳು, ತಲಾ ನಾಲ್ಕೇ ಅಧ್ಯಾಯ. ದಾನಿಯೇಲ, ಎಜ್ರ ಗ್ರಂಥಗಳ ಕೆಲವು ಭಾಗ ಇಬ್ರಿಯವಲ್ಲ, ಅದಕ್ಕೆ ಹತ್ತಿರದ ಅರಾಮಿಕ್ ಭಾಷೆ. ಪದವಿ ಮಟ್ಟದಲ್ಲಿ ಅದರ ಗೊಡವೆ ಬೇಡ.

ನಿಮಗೆ ಅಡ್ಡ ಬರುವುದು ಇಂಗ್ಲಿಷ್. ನಿಘಂಟು, ವ್ಯಾಖ್ಯಾನ, ವ್ಯಾಕರಣ ಎಲ್ಲ ಇಂಗ್ಲಿಷಿನಲ್ಲಿವೆ. ಬೆಂಗಳೂರಿನಲ್ಲಿ ಪಾಠ, ಪ್ರಬಂಧ ಕೂಡ. ಮೊದಲ ವರ್ಷ ಫೇಲಾಗುವ ಕನ್ನಡ ಮಾಧ್ಯಮದವರು ಬಹುಮಟ್ಟಿಗೆ ಸಭಾ ಇತಿಹಾಸ, ತತ್ವಶಾಸ್ತ್ರದಂಥ ಉದ್ದುದ್ದ ಬರೆಯುವ ವಿಷಯಗಳಲ್ಲಿ ಫೇಲಾಗುತ್ತಾರೆ. ಸೇರುವ ಮುಂಚಿನ ತಿಂಗಳುಗಳಲ್ಲಿ ಮಾರ್ಕನ ಸುವಾರ್ತೆಯನ್ನು ಕನ್ನಡ, ಇಂಗ್ಲಿಷ್ ಅಕ್ಕಪಕ್ಕ ಇಟ್ಟು ದಿನಕ್ಕೆ ಅರ್ಧ ಅಧ್ಯಾಯ ಓದಿ, ಓದಿದ್ದನ್ನು ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯಿರಿ, ಯಾರಿಂದಲಾದರೂ ತಿದ್ದಿಸಿ. ಕನ್ನಡದಲ್ಲಿ ಹಳೆಯ ‘ಸತ್ಯವೇದವು’ ಮತ್ತು ಸರಳ ಕನ್ನಡದ ಸಿ.ಎಲ್. ಆವೃತ್ತಿ ಎರಡೂ ಇರಲಿ. ಮೂಲದ ವಾಕ್ಯರಚನೆಯನ್ನು ಹೋಲಿಸಲು ಹಳೆಯದು ಅನುಕೂಲ. ಅಂದಹಾಗೆ ಬೈಬಲ್ ಕನ್ನಡಕ್ಕೆ ಬಂದ ಕೆಲಸದ ದೊಡ್ಡ ಪಾಲು ನಡೆದದ್ದು ನಿಮ್ಮ ಪಕ್ಕದ ಬಳ್ಳಾರಿಯಲ್ಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದರು, ಪೂರ್ಣ ಬೈಬಲ್ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ.

ಸೇವೆಯ ತರಬೇತಿಯನ್ನು ಕಾಲೇಜುಗಳು ವಾರಾಂತ್ಯದಲ್ಲಿ, ರಜೆಯಲ್ಲಿ ಮಾಡಿಸುತ್ತವೆ. ಬೆಂಗಳೂರಿನ ದೊಡ್ಡ ಸಭೆಯಲ್ಲೇ ಅದನ್ನೆಲ್ಲ ಮುಗಿಸಬೇಡಿ, ಬೇಸಿಗೆ ರಜೆಯದನ್ನಾದರೂ ಊರ ಕಡೆ ಹಾಕಿಸಿಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಒಬ್ಬ ಪಾಸ್ಟರಿಗೆ ಹಲವು ಊರು. ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೋಗಿ ಸಭೆ ಅರ್ಧ ಖಾಲಿ. ದೃಢೀಕರಣದ (ಮಕ್ಕಳನ್ನು ಸಭೆಯ ಪೂರ್ಣ ಸದಸ್ಯರಾಗಿಸುವ ವಿಧಿ) ತರಗತಿಯಂಥವನ್ನು ಆ ತಿಂಗಳುಗಳಲ್ಲಿ ಇಟ್ಟರೆ ಮಕ್ಕಳೇ ಇರುವುದಿಲ್ಲ. ಸಿಂಧನೂರು, ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ (ತೆಲುಗರು ಬಂದು ನೆಲೆಸಿದ ಊರುಗಳು) ತೆಲುಗು ಬೇಕು; ಪ್ರಸಂಗ ಮಾಡುವಷ್ಟಲ್ಲದಿದ್ದರೂ ಮಣ್ಣಿನ (ಶವಸಂಸ್ಕಾರದ) ಹೊತ್ತಿನಲ್ಲಿ ಪ್ರಾರ್ಥನೆ ಮಾಡುವಷ್ಟಾದರೂ. ಇನ್ನೊಂದು ಮಾತು: ಕಲಿತ ಗ್ರೀಕನ್ನು ಪ್ರಸಂಗಪೀಠದಿಂದ ಉದುರಿಸಬೇಡಿ. ‘ಮೂಲ ಭಾಷೆಯಲ್ಲಿ ಹೀಗಿದೆ’ ಎಂದು ವಾರವಾರ ಹೇಳಿದರೆ, ತಮ್ಮ ಕೈಯಲ್ಲಿರುವ ಬೈಬಲಿನಲ್ಲಿ ಏನೋ ಕೊರತೆಯಿದೆ ಎಂದು ಜನ ಅಂದುಕೊಳ್ಳುತ್ತಾರೆ. ಗ್ರೀಕ್ ತಯಾರಿಯಲ್ಲಿ ಇರಲಿ, ಮಾತು ಸಿಂಧನೂರಿನ ಕನ್ನಡದಲ್ಲಿರಲಿ.

ತಂಗಿಯ ವಿಷಯ. ಓದಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಬಿ.ಡಿ., ಬಿ.ಟಿಎಚ್. ಎರಡಕ್ಕೂ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಸಿ.ಎಸ್.ಐ.ನಲ್ಲಿ 1976ರಿಂದ ಮಹಿಳೆಯರಿಗೂ ದೀಕ್ಷೆ ಇದೆ, ಮೆಥಡಿಸ್ಟರಲ್ಲೂ ಇದೆ. ಕಥೋಲಿಕ ಸಭೆಯಲ್ಲಿ ಗುರುದೀಕ್ಷೆ ಇಲ್ಲ, ಆದರೆ ದೇವಶಾಸ್ತ್ರ ಓದಿ ಬೋಧಿಸಬಹುದು. ಪೆಂಟೆಕೋಸ್ತ್, ಸ್ವತಂತ್ರ ಸಭೆಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಅವರು ‘ನೋಡೋಣ’ ಅಂದರೆ ಅದನ್ನು ಒಪ್ಪಿಗೆ ಎಂದು ತಿಳಿಯದೆ, ಆ ಸಭೆಯಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ಇಲ್ಲಿಯವರೆಗೆ ಯಾವ ಕೆಲಸ, ಎಷ್ಟು ಸಂಬಳ ಕೊಟ್ಟಿದ್ದಾರೆ ಎಂದು ವಿಚಾರಿಸಿಯೇ ಅರ್ಜಿ ಹಾಕಿಸಿ.